ಸಿಕ್ಕಿರುವ ಪಿ ಸೀಟನ್ನು ಬಿಟ್ಟು ಮುಂದಿನ ವರ್ಷ ಮತ್ತೆ ನೀಟ್ ಬರೆಯಬಹುದೇ?

ಶಿಡ್ಲಘಟ್ಟದ ಅಣ್ಣ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ಎರಡು ಎಕರೆ ಹಿಪ್ಪುನೇರಳೆ ತೋಟವಿರುವ ರೇಷ್ಮೆ ಬೆಳೆಗಾರರ ಮನೆ. ನನ್ನ ತಂಗಿ ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿ, 2025ರ ಮೇ 4ರಂದು ನೀಟ್ ಬರೆದಳು. 720ಕ್ಕೆ 428 ಅಂಕ ಬಂದಿವೆ. ರಾಜ್ಯದ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೊದಲ ಸುತ್ತಿನಲ್ಲಿ ಒಂದು ಖಾಸಗಿ ಕಾಲೇಜಿನ ಎಂಬಿಬಿಎಸ್ ಪಿ ಸೀಟು, ಅಂದರೆ ಹೆಚ್ಚಿನ ಶುಲ್ಕದ ಖಾಸಗಿ ಕೋಟಾದ ಸೀಟು, ಅವಳ ಹೆಸರಿಗೆ ಬಂದಿದೆ. ವರ್ಷದ ಶುಲ್ಕ ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸಿನಲ್ಲಿದೆ. ನಿಜ ಹೇಳಬೇಕೆಂದರೆ ಆ ಆಪ್ಷನ್ ನಮ್ಮ ಪಟ್ಟಿಯಲ್ಲಿ ಇದೆಯೆಂಬುದೇ ನಮಗೆ ಗೊತ್ತಿರಲಿಲ್ಲ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಕೆಲಸ, ಮಾಡಿಸಿದ್ದು ಸೈಬರ್ ಸೆಂಟರಿನಲ್ಲಿ. ಅಲ್ಲಿದ್ದ ಹುಡುಗ "ಇರಲಿ ಬಿಡಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು" ಎಂದು ಕಾಣಿಸಿದ್ದನ್ನೆಲ್ಲ ಸೇರಿಸಿದ್ದ.

ನಮ್ಮ ಸೋದರಮಾವ, ಬಂದ ಲಕ್ಷ್ಮಿಯನ್ನು ಕಾಲಿನಿಂದ ಒದೆಯಬಾರದು, ಒಂದು ಎಕರೆ ಮಾರಿಯಾದರೂ ಸೇರಿಸಿ ಎನ್ನುತ್ತಿದ್ದಾರೆ. ತಂದೆಯವರು ಏನೂ ಹೇಳುತ್ತಿಲ್ಲ. ತಂಗಿ ಈ ಸೀಟು ಬಿಟ್ಟು ಇನ್ನೊಂದು ವರ್ಷ ಓದಿ ಸರ್ಕಾರಿ ಸೀಟು ತೆಗೆದುಕೊಳ್ಳುತ್ತೇನೆ ಎನ್ನುತ್ತಾಳೆ. ಅವಳ ಮಾತಿನಲ್ಲಿಯೂ ಹುರುಳಿದೆ. ಏಪ್ರಿಲ್ ಮೂರನೇ ವಾರ ತಂದೆಯವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಅವರು ಭಾರ ಎತ್ತುವಂತಿರಲಿಲ್ಲ, ನಾನು ಕೆಲಸದ ಮೇಲೆ ಹೊಸೂರಿನಲ್ಲಿದ್ದೆ. ಆಗಲೇ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ಗೂಡು ಕಟ್ಟುವ ಮುಂಚಿನ ಕೊನೆಯ ಪೊರೆ ಬಿಟ್ಟಿತ್ತು. ರೇಷ್ಮೆ ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಹಗಲು ರಾತ್ರಿ ಸೊಪ್ಪು ಕೇಳುತ್ತದೆ, ಒಂದು ಹೊತ್ತು ತಪ್ಪಿದರೂ ಗೂಡಿನ ತೂಕ ಬೀಳುತ್ತದೆ. ಪರೀಕ್ಷೆಗೆ ಮುಂಚಿನ ಒಂಬತ್ತು ದಿನ ತಂಗಿಯೂ ಅಮ್ಮನೂ ಸೊಪ್ಪು ಕತ್ತರಿಸಿ ಹಾಕಿದರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮರುದಿನ ಅವಳು ಪರೀಕ್ಷಾ ಕೇಂದ್ರಕ್ಕೆ ಹೋದಳು.

ನನ್ನ ಪ್ರಶ್ನೆಗಳು ಇಷ್ಟು. ಸೀಟು ಬೇಡವೆಂದು ಹಿಂದೆ ಸರಿದರೆ ಮುಂದಿನ ವರ್ಷ ಅರ್ಜಿ ಹಾಕುವಾಗ ಅದು ಕಪ್ಪು ಚುಕ್ಕೆಯಾಗುತ್ತದೆಯೇ? ದಂಡ ಕಟ್ಟಬೇಕಾಗುತ್ತದೆಯೇ? ಹಾಗೂ ಅನುಭವವಿರುವವರ ಅಭಿಪ್ರಾಯದಲ್ಲಿ ಇದು ಬುದ್ಧಿವಂತಿಕೆಯೇ, ಹುಚ್ಚೇ?

ಚಿಂತಾಮಣಿ ಮೇಷ್ಟ್ರು:

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ಪ್ರತಿ ವರ್ಷ ಈ ತಿಂಗಳಲ್ಲಿ ಹತ್ತಾರು ಪೋಷಕರು ಇದೇ ಪ್ರಶ್ನೆಯನ್ನು ತರುತ್ತಾರೆ, ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಕಪ್ಪು ಚುಕ್ಕೆಯ ಮಾತು. ಅದು ಇಲ್ಲ. ನೀಟ್ ಅಂಕಕ್ಕೆ ಆ ವರ್ಷದ ಪ್ರವೇಶಕ್ಕೆ ಮಾತ್ರ ಬೆಲೆ. ಮುಂದಿನ ವರ್ಷ ಹೊಸ ಅರ್ಜಿ, ಹೊಸ ರ‍್ಯಾಂಕ್, ಹೊಸ ಆಪ್ಷನ್ ಎಂಟ್ರಿ. ಎಷ್ಟನೆಯ ಬಾರಿ ಬರೆಯುತ್ತಿದ್ದೀರಿ ಎಂಬುದು ಮೆರಿಟ್ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಸಾಮಾನ್ಯ ವರ್ಗಕ್ಕೆ 25 ವರ್ಷದ ಗರಿಷ್ಠ ವಯೋಮಿತಿ ಇತ್ತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನೂ ತೆಗೆದುಹಾಕಿದೆ.

ಇನ್ನು ದಂಡದ ಮಾತು. "ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ" ಎಂದು ಜನ ಒಂದೇ ಮಾತಿನಲ್ಲಿ ಹೇಳುತ್ತಾರೆ, ಆದರೆ ಅದರೊಳಗೆ ಬೇರೆ ಬೇರೆ ಬೆಲೆಯ ನಾಲ್ಕು ಕೆಲಸಗಳಿವೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಆಪ್ಷನ್ ಪಟ್ಟಿಯಲ್ಲಿ ಹಾಕದೇ ಇರುವುದು ಮೊದಲನೆಯದು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ನಿಮ್ಮ ಮನೆಯಲ್ಲಿ ತಪ್ಪಿಹೋದದ್ದೂ ಇದೇ. ಹಂಚಿಕೆಯಾದ ಸೀಟನ್ನು ಚಾಯ್ಸ್ ಹಂತದಲ್ಲಿ ನಿರಾಕರಿಸುವುದು ಎರಡನೆಯದು, ನೀವು ಈಗ ನಿಂತಿರುವುದು ಇಲ್ಲಿ. ಶುಲ್ಕ ಕಟ್ಟಿ ಪ್ರವೇಶ ಪತ್ರ ಪಡೆದ ಮೇಲೆ ರದ್ದು ಮಾಡಿಸುವುದು ಮೂರನೆಯದು. ಅಲ್ಲಿಂದ ಕಡಿತ ಆರಂಭವಾಗುತ್ತದೆ, ಸುತ್ತು ಕಳೆದಂತೆ ಅದು ಏರುತ್ತದೆ. ಕಾಲೇಜಿಗೆ ಸೇರಿ ಕೊನೆಯ ಸುತ್ತೂ ಮುಗಿದ ಮೇಲೆ ಬಿಡುವುದು ನಾಲ್ಕನೆಯದು. ಆ ಸೀಟನ್ನು ಬೇರೆಯವರಿಗೆ ಕೊಡಲು ಆಗುವುದಿಲ್ಲವಾದ್ದರಿಂದ ಎಲ್ಲಕ್ಕಿಂತ ದುಬಾರಿಯಾದುದು ಅದೇ, ಒಬ್ಬ ಬಡ ಮಗುವಿನ ಸೀಟು ಹಾಳಾಯಿತೆಂಬ ಪಾಪವೂ ಅದಕ್ಕೆ ಸೇರುತ್ತದೆ.

ಸೀಟು ಹಂಚಿಕೆಯಾದ ಮೇಲೆ ಒತ್ತಬೇಕಾದ ನಾಲ್ಕು ಚಾಯ್ಸ್‌ಗಳ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಿ. ಒಂದನೆಯದು, ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಸೀಟು ಕೈಯಲ್ಲಿರಲಿ, ಇದಕ್ಕಿಂತ ಮೇಲಿನ ಆಪ್ಷನ್ ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಮೂರನೆಯದು, ಈ ಸೀಟು ಬೇಡ, ಆದರೆ ಮುಂದಿನ ಸುತ್ತಿನಲ್ಲಿ ಇರುತ್ತೇನೆ. ನಾಲ್ಕನೆಯದು, ನನಗೆ ಏನೂ ಬೇಡ, ಇಡೀ ಪ್ರಕ್ರಿಯೆಯಿಂದಲೇ ಹೊರಗೆ ಹೋಗುತ್ತೇನೆ. ಬಿಡಬೇಕೆಂದೇ ನಿಶ್ಚಯಿಸಿದರೆ ಆತುರದಲ್ಲಿ ನಾಲ್ಕನ್ನು ಒತ್ತಬೇಡಿ. ಮೂರನ್ನು ಒತ್ತಿ, ಪಟ್ಟಿಯಲ್ಲಿರುವ ಪಿ ಆಪ್ಷನ್‌ಗಳನ್ನೆಲ್ಲ ಅಳಿಸಿ, ಜಿ ಸೀಟುಗಳನ್ನು (ಕಡಿಮೆ ಶುಲ್ಕದ ಸರ್ಕಾರಿ ಕೋಟಾದ ಸೀಟು) ಮಾತ್ರ ಉಳಿಸಿಕೊಂಡರೆ ಎರಡನೇ ಸುತ್ತಿನವರೆಗೂ ಅದೃಷ್ಟಕ್ಕೆ ಒಂದು ಕಿಂಡಿ ತೆರೆದಿರುತ್ತದೆ. ಒತ್ತುವ ಮೊದಲು ಈ ವರ್ಷದ ಅಧಿಸೂಚನೆಯಲ್ಲಿ ಯಾವ ಚಾಯ್ಸ್‌ಗೆ ಎಷ್ಟು ಹಣ ಕಟ್ಟಬೇಕು ಎಂಬುದನ್ನು ಓದಿಕೊಳ್ಳಿ, ಏಕೆಂದರೆ ಆ ಭಾಗ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಅಖಿಲ ಭಾರತ ಕೋಟಾದ ಶೇ. 15 ಸೀಟುಗಳಿಗೂ ನೋಂದಾಯಿಸಿದ್ದರೆ ಅಲ್ಲಿಯ ನಿಯಮ ಬೇರೆ. ಅದನ್ನು ಹಂಚುವ ಎಂಸಿಸಿಯ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ನಷ್ಟವಿಲ್ಲ. ಎರಡನೇ ಸುತ್ತಿನಲ್ಲಿ ಸೇರದಿದ್ದರೆ ಠೇವಣಿ ಹೋಗುತ್ತದೆ. ಸಾಮಾನ್ಯ ವರ್ಗಕ್ಕೆ ಅದು ಹತ್ತು ಸಾವಿರ, ಮೀಸಲು ವರ್ಗಕ್ಕೆ ಐದು ಸಾವಿರ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಎರಡು ಲಕ್ಷ. ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಸಿಕ್ಕಿ ಸೇರದಿದ್ದರೆ ಠೇವಣಿಯ ಜೊತೆಗೆ ಮುಂದಿನ ವರ್ಷದ ನೀಟ್‌ಗೂ ಕೂರಿಸುವುದಿಲ್ಲ. ಮತ್ತೆ ಬರೆಯುವ ಆಲೋಚನೆಯಿರುವ ಮಗು ಸುಮ್ಮನೆ ಒಂದು ಕಲ್ಲು ಎಸೆದು ನೋಡೋಣವೆಂದು ಸ್ಟ್ರೇ ಸುತ್ತಿಗೆ ಕೈಹಾಕುವುದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ.

ಬುದ್ಧಿವಂತಿಕೆಯೇ ಹುಚ್ಚೇ ಎಂಬ ಪ್ರಶ್ನೆಗೆ ಉತ್ತರಿಸಲು ಒಟ್ಟು ಅಂಕ ಸಾಲದು. ವಿಷಯವಾರು ಅಂಕ, ಸರಿ ಎಷ್ಟು, ತಪ್ಪು ಎಷ್ಟು, ಬಿಟ್ಟದ್ದು ಎಷ್ಟು ಎಂಬುದನ್ನು ಒಎಂಆರ್ ಪ್ರತಿ ಮತ್ತು ಅಂತಿಮ ಕೀ ಉತ್ತರ ನೋಡಿ ಲೆಕ್ಕಹಾಕಿ ಬರೆಯಿರಿ.

ಕೋಲಾರದ ನಿವೃತ್ತ ಬ್ಯಾಂಕ್ ನೌಕರ:

ಜಮೀನು ಮಾರುವ ಮಾತು ಬಂದಿರುವುದರಿಂದ ನನ್ನದೂ ನಾಲ್ಕು ಮಾತು. ವರ್ಷಕ್ಕೆ ಹನ್ನೆರಡು ಲಕ್ಷದಂತೆ ನಾಲ್ಕೂವರೆ ವರ್ಷಕ್ಕೆ ಐವತ್ನಾಲ್ಕು ಲಕ್ಷವಾಗುತ್ತದೆ. ಹಾಸ್ಟೆಲ್ ಮತ್ತು ಊಟ ಇದರಲ್ಲಿ ಸೇರಿಲ್ಲ. ಏಳೂವರೆ ಲಕ್ಷಕ್ಕಿಂತ ಹೆಚ್ಚಿನ ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಅದಕ್ಕೆ ಕೃಷಿ ಜಮೀನನ್ನು ಒಪ್ಪಲು ಹಿಂಜರಿಯುತ್ತವೆ, ಏಕೆಂದರೆ ಬ್ಯಾಂಕುಗಳ ಸಾಲ ವಸೂಲಿಗಿರುವ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ ಕೃಷಿ ಭೂಮಿಯನ್ನು ಜಪ್ತಿ ಮಾಡಲು ಅವಕಾಶವಿಲ್ಲ. ಪೇಟೆಯಲ್ಲಿ ನಿವೇಶನ ಇದ್ದವರಿಗೆ ಸಲೀಸಾಗುವ ಸಾಲ ತೋಟವಿದ್ದವರಿಗೆ ಆಗುವುದಿಲ್ಲ.

ಐವತ್ನಾಲ್ಕು ಲಕ್ಷವನ್ನು ಶೇ. 10ರ ಬಡ್ಡಿಯಲ್ಲಿ ಹದಿನೈದು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 58 ಸಾವಿರ ರೂಪಾಯಿ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿಯನ್ನು ನಾನು ಇದಕ್ಕೆ ಸೇರಿಸಿಲ್ಲ. ಅದೇ ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಅರವತ್ತು ಸಾವಿರದ ಸುತ್ತಮುತ್ತ, ಖಾಸಗಿ ಕಾಲೇಜಿನ ಜಿ ಸೀಟಿಗೆ ಒಂದೂವರೆ ಲಕ್ಷದ ಸುತ್ತಮುತ್ತ ಇದೆ. ಹಿಂದುಳಿದ ವರ್ಗಗಳ ನಿಗಮಗಳ ಅರಿವು ಎಂಬ ಶೈಕ್ಷಣಿಕ ಸಾಲಕ್ಕೆ ಪ್ರಯತ್ನಿಸಿದರೆ ಇಂತಹ ಸೀಟಿನ ಶುಲ್ಕಕ್ಕೆ ಒಳ್ಳೆಯ ಆಸರೆ ದೊರೆಯುತ್ತದೆ, ಹನ್ನೆರಡು ಲಕ್ಷಕ್ಕೆ ಅದು ಎಲ್ಲಿಗೂ ಸಾಲದು. ಮಾವನವರು ಲಕ್ಷ್ಮಿ ಎಂದಿದ್ದಾರೆ. ಈ ಲಕ್ಷ್ಮಿ ಒಳಗೆ ಬರುತ್ತಿದ್ದಾಳೋ ಹೊರಗೆ ಹೋಗುತ್ತಿದ್ದಾಳೋ ಎಂಬುದನ್ನು ಅವರು ಪೆನ್ನು ಹಿಡಿದು ಒಮ್ಮೆ ನೋಡಲಿ.

ಗೌರಿಬಿದನೂರು, ಎಂಬಿಬಿಎಸ್ ಮೊದಲ ವರ್ಷ:

ಅಣ್ಣ, ನಾನು ಬಿಟ್ಟು ಮತ್ತೆ ಬರೆದವಳು, ಆದರೆ ಬಿಡಬಾರದ ರೀತಿಯಲ್ಲಿ ಬಿಟ್ಟವಳು. ಮೇಷ್ಟ್ರು ಹೇಳಿದ, ಕಾಲೇಜಿಗೆ ಸೇರಿದ ಮೇಲೆ ಬಿಡುವ ನಾಲ್ಕನೆಯ ಬಗೆ ನನ್ನದು.

2023ರಲ್ಲಿ ಎಂಬಿಬಿಎಸ್ ಸಿಗದೆ ಬಿಡಿಎಸ್ ಜಿ ಸೀಟಿಗೆ ಸೇರಿಕೊಂಡೆ. ಒಂದು ಸೀಟು ಕೈಯಲ್ಲಿರಲಿ, ಹಾಸ್ಟೆಲಿನಲ್ಲೇ ಕುಳಿತು ನೀಟ್‌ಗೂ ಓದಿಕೊಳ್ಳುತ್ತೇನೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಬಿಡಿಎಸ್ ಮೊದಲ ವರ್ಷದಲ್ಲಿ ಮೇಣದ ಬಿಲ್ಲೆಯಲ್ಲಿ ಹಲ್ಲು ಕೆತ್ತುವ ಕೆಲಸವಿರುತ್ತದೆ. ಮೇಲಿನ ದವಡೆಯ ಮುಂದಿನ ಹಲ್ಲನ್ನು ಚಿಕ್ಕ ಚಾಕುವಿನಿಂದ ಅಳತೆಗೆ ಸರಿಯಾಗಿ ಬಿಡಿಸಿ ತೋರಿಸಬೇಕು. ಒಂದು ಬದಿ ಕೂದಲೆಳೆಯಷ್ಟು ಹೆಚ್ಚು ಹೆರೆದರೂ ಹೊಸ ಬಿಲ್ಲೆ ತೆಗೆದುಕೊಂಡು ಮೊದಲಿನಿಂದ ಶುರುಮಾಡಬೇಕು. ರಾತ್ರಿ ಹತ್ತಕ್ಕೆ ಮೇಣದ ಪುಡಿ ಒರೆಸಿ, ಅದೇ ಮೇಜಿನ ಮೇಲೆ ಭ್ರಮಣ ಚಲನೆಯ ಲೆಕ್ಕ ಬಿಡಿಸಲು ಕೂರುತ್ತಿದ್ದೆ. ಮೂರು ತಿಂಗಳಲ್ಲಿ ಹಲ್ಲೂ ಬರಲಿಲ್ಲ, ಲೆಕ್ಕವೂ ಬರಲಿಲ್ಲ. ಡಿಸೆಂಬರಿನಲ್ಲಿ ಬಿಟ್ಟು ಬಂದೆ. ಕಾಲೇಜಿನವರು ಉಳಿದ ವರ್ಷಗಳ ಶುಲ್ಕ ಕಟ್ಟಿದರೆ ಮಾತ್ರ ಮೂಲ ಅಂಕಪಟ್ಟಿ ಕೊಡುತ್ತೇವೆ ಎಂದರು. ಅಪ್ಪ ಏಳು ಬಾರಿ ಬಸ್ಸಿನಲ್ಲಿ ಹೋಗಿ ಬಂದರು. ಹಣ ಕೊಟ್ಟೆವೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿ ಕೈಗೆ ಬಂದದ್ದು ಫೆಬ್ರವರಿ ಕೊನೆಗೆ. ಮುಂದಿನ ಪರೀಕ್ಷೆಗೆ ಆಗ ಎರಡು ತಿಂಗಳು ಮಾತ್ರ ಉಳಿದಿತ್ತು.

2024ರ ಮೇ 5ರಂದು ಬರೆದೆ. ಆ ವರ್ಷದ ಕಥೆ ಎಲ್ಲರಿಗೂ ಗೊತ್ತಿದೆ. ಜೂನ್ 4ಕ್ಕೆ ಫಲಿತಾಂಶ ಬಂದಾಗ 67 ಜನರಿಗೆ 720ಕ್ಕೆ 720. ಆಮೇಲೆ ಪರಮಾಣುವಿನ ಕುರಿತ ಒಂದು ಭೌತಶಾಸ್ತ್ರದ ಪ್ರಶ್ನೆಗೆ ಒಂದೇ ಉತ್ತರ ಸರಿ ಎಂದು ದೆಹಲಿಯ ಐಐಟಿ ತಜ್ಞರು ಸುಪ್ರೀಂ ಕೋರ್ಟಿಗೆ ತಿಳಿಸಿದರು. ಇನ್ನೊಂದು ಉತ್ತರ ಗುರುತಿಸಿದ್ದವರ ಐದು ಅಂಕ ಹೋಯಿತು, ಅವರಲ್ಲಿ ನಾನೂ ಒಬ್ಬಳು. ಜುಲೈ 26ರಂದು ಪರಿಷ್ಕೃತ ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ನನ್ನ ಮುಂದೆ ಸೀಟು ಎಂಬ ಶಬ್ದವನ್ನೇ ಆಡುತ್ತಿರಲಿಲ್ಲ. ಕೊನೆಗೆ ಎರಡನೇ ಸುತ್ತಿನಲ್ಲಿ ಸರ್ಕಾರಿ ಕಾಲೇಜು ಸಿಕ್ಕಿತು.

ಸಿಕ್ಕಿತೆಂದು ನಿಮ್ಮ ತಂಗಿಗೆ ಧೈರ್ಯ ಹೇಳಲು ಇದನ್ನು ಬರೆಯುತ್ತಿಲ್ಲ. ಬಿಡುವುದಾದರೆ ಸೇರುವ ಮೊದಲೇ ಬಿಡಲಿ. ಸೇರಿದರೆ ಹಿಂದೆ ತಿರುಗಿ ನೋಡದೆ ಓದಲಿ. ಎರಡು ದೋಣಿಯ ಮೇಲೆ ಕಾಲಿಡುವುದು ಎಂದರೇನು ಎಂಬುದನ್ನು ನಾನು ಆ ಮೂರು ತಿಂಗಳಲ್ಲಿ ಕಂಡಿದ್ದೇನೆ.

ಬಾಗೇಪಲ್ಲಿ, ಪಶುವೈದ್ಯಕೀಯ ಇಂಟರ್ನ್:

ಸಿಕ್ಕವರ ಮಾತು ಕೇಳಿದಿರಿ, ಸಿಗದವನ ಮಾತನ್ನೂ ಕೇಳಿ. ನಾನು 2018ರಲ್ಲಿ ಬಿಡಿಎಸ್ ಸೀಟನ್ನು ನಿರಾಕರಿಸಿದೆ. 2019ರಲ್ಲಿ ಮತ್ತೆ ಬರೆದೆ, ಅಂಕ ಏರಿತು, ಸೀಟು ಬರಲಿಲ್ಲ. 2020ರಲ್ಲಿ ಕೊರೋನಾ ಕಾರಣದಿಂದ ಪರೀಕ್ಷೆ ಸೆಪ್ಟೆಂಬರ್ 13ಕ್ಕೆ ಹೋಯಿತು. ಆ ಬಾರಿ ಅಂಕ ಮತ್ತೂ ನಲವತ್ತು ಏರಿತು, ಆದರೆ ರ‍್ಯಾಂಕ್ ಹಿಂದಕ್ಕೆ ಸರಿಯಿತು. ಓದಲು ನಾಲ್ಕು ತಿಂಗಳು ಹೆಚ್ಚು ಸಿಕ್ಕದ್ದು ನನಗೊಬ್ಬನಿಗೇ ಅಲ್ಲ, ದೇಶಕ್ಕೆಲ್ಲ ಸಿಕ್ಕಿತ್ತು. ಸಾಮಾನ್ಯ ವರ್ಗದ ಅರ್ಹತಾ ಅಂಕವೇ ಒಂದು ವರ್ಷದಲ್ಲಿ 134ರಿಂದ 147ಕ್ಕೆ ಜಿಗಿದಿತ್ತು. ನನ್ನನ್ನು ನಾನು ಹೋದ ವರ್ಷದ ನನ್ನ ಜೊತೆ ಹೋಲಿಸಿಕೊಳ್ಳುತ್ತಿದ್ದೆ, ಪರೀಕ್ಷೆ ಮಾತ್ರ ನನ್ನನ್ನು ಬೇರೆಯವರ ಜೊತೆ ಹೋಲಿಸುತ್ತಿತ್ತು.

ನನ್ನ ಕೈ ಹಿಡಿದದ್ದು ಸಿಇಟಿ. ಪಶುವೈದ್ಯಕೀಯ ಪ್ರವೇಶಕ್ಕೆ ರಾಜ್ಯದ ಸೀಟುಗಳು ಸಿಇಟಿ ರ‍್ಯಾಂಕ್ ಮೇಲೆ ಹಂಚಿಕೆಯಾಗುತ್ತವೆ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಮತ್ತು ಪ್ರಾಯೋಗಿಕ ಪರೀಕ್ಷೆ ಇದೆ. ರೇಷ್ಮೆ ಮನೆಯ ಮಗಳಿಗೆ ಆ ಕೋಟಾ ದೊಡ್ಡ ಆಸರೆ. ನಮ್ಮ ಜಿಲ್ಲೆಯ ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜಿದೆ ಎಂಬುದು ಎಷ್ಟೋ ಬೆಳೆಗಾರರ ಮಕ್ಕಳಿಗೆ ಗೊತ್ತಿಲ್ಲ. ನಿಮ್ಮ ತಂಗಿ ಈ ಬಾರಿ ಸಿಇಟಿ ಬರೆದು ಕೃಷಿಕ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋಗಿದ್ದಳೇ?

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಒಂದು ವರ್ಷ ಬಿಡುವುದು ತಪ್ಪಲ್ಲ. ಎರಡನೆಯ ವರ್ಷವೂ ಬಿಡುವುದನ್ನು ನಾನು ಶತ್ರುವಿಗೂ ಹೇಳುವುದಿಲ್ಲ. ಮೂರನೆಯ ಬೇಸಿಗೆಯ ಹೊತ್ತಿಗೆ ಊರಿನಲ್ಲಿ ಮದುವೆಗೆ ಹೋಗುವುದನ್ನೇ ನಿಲ್ಲಿಸಿದ್ದೆ.

ಗುಡಿಬಂಡೆ ಅಮ್ಮ:

ಮಾವ ಹೇಳಿದ್ದು, ಅಣ್ಣ ಬರೆದದ್ದು, ಮೇಷ್ಟ್ರು ವಿವರಿಸಿದ್ದು ಎಲ್ಲವನ್ನೂ ಓದಿದೆ. ಆ ಮಗು ಸೊಪ್ಪು ಕತ್ತರಿಸುತ್ತಿದ್ದ ಆ ಒಂಬತ್ತು ದಿನ ಮಾವನವರು ಎಲ್ಲಿದ್ದರು ಎಂದು ಕೇಳುವ ಮನಸ್ಸಾಗುತ್ತದೆ. ಅದಿರಲಿ. ಮುಂದಿನ ಏಪ್ರಿಲಿನಲ್ಲಿಯೂ ಮನೆಯಲ್ಲಿ ಹುಳು ಇರುತ್ತದೆಯಲ್ಲವೇ? ಆಗ ಸೊಪ್ಪು ಹಾಕುವವರು ಯಾರು? ಅದನ್ನು ಮೊದಲು ತೀರ್ಮಾನಿಸದೆ ಸೀಟು ಬಿಡಿಸಬೇಡಿಯಪ್ಪ.

ಶಿಡ್ಲಘಟ್ಟದ ಅಣ್ಣ:

ಅಮ್ಮ, ನಿಮ್ಮ ಪ್ರಶ್ನೆಯನ್ನು ಮನೆಯಲ್ಲಿ ಓದಿ ಹೇಳಿದೆ. ತಂದೆಯವರು ಮೊದಲ ಬಾರಿಗೆ ಬಾಯಿ ಬಿಟ್ಟು, ಏಪ್ರಿಲಿನಲ್ಲಿ ಬೆಳೆ ಇಡುವುದಿಲ್ಲ, ಸೊಪ್ಪನ್ನು ಬೇರೆಯವರಿಗೆ ಮಾರಿಬಿಡುತ್ತೇನೆ ಎಂದರು. ಒಂದು ಬೆಳೆ ಹೋಗುತ್ತದೆ, ಹೋಗಲಿ ಎಂದರು.

ಮೇಷ್ಟ್ರೇ, ಲೆಕ್ಕ ಹಾಕಿದೆವು. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ ಸರಿ 74, ತಪ್ಪು 6, ಬಿಟ್ಟದ್ದು 10, ಅಂಕ 290. ರಸಾಯನಶಾಸ್ತ್ರದ 45ರಲ್ಲಿ ಸರಿ 27, ತಪ್ಪು 12, ಬಿಟ್ಟದ್ದು 6, ಅಂಕ 96. ಭೌತಶಾಸ್ತ್ರದ 45ರಲ್ಲಿ ಸರಿ 14, ತಪ್ಪು 14, ಬಿಟ್ಟದ್ದು 17, ಅಂಕ 42. ಎಂಸಿಸಿಗೆ ನಾವು ನೋಂದಾಯಿಸಿಲ್ಲ. ಸಿಇಟಿ ಬರೆದಿದ್ದಾಳೆ, ಆದರೆ ಕೃಷಿಕ ಕೋಟಾಕ್ಕೆ ಹಾಕಿರಲಿಲ್ಲ. ಅದು ಬಿಎಸ್ಸಿ ಅಗ್ರಿಯವರಿಗೆ ಮಾತ್ರ ಎಂದು ತಿಳಿದಿದ್ದೆವು.

ಮಂಚೇನಹಳ್ಳಿಯಿಂದ:

ನನ್ನ ಚಿಕ್ಕಪ್ಪನ ಮಗಳು ಅಮೆರಿಕದಲ್ಲಿ ಓದುತ್ತಾಳೆ, ಅವಳೂ ಒಮ್ಮೆ ಅರ್ಜಿ ಹಿಂಪಡೆದು ಎರಡು ವರ್ಷದ ನಂತರ ಮತ್ತೆ ಹಾಕಿದವಳು. ಅಲ್ಲಿಯ ಪದ್ಧತಿ ನಮ್ಮದಕ್ಕಿಂತ ಪೂರ್ತಿ ಬೇರೆ. ವೈದ್ಯಕೀಯ ಪ್ರವೇಶದ ಎಂಸಿಎಟಿ ಪರೀಕ್ಷೆಯನ್ನು ಒಂದು ವರ್ಷದಲ್ಲಿ ಮೂರು ಬಾರಿ, ಎರಡು ವರ್ಷದಲ್ಲಿ ನಾಲ್ಕು ಬಾರಿ, ಇಡೀ ಜೀವಮಾನದಲ್ಲಿ ಏಳು ಬಾರಿ ಮಾತ್ರ ಬರೆಯಬಹುದು. ಅಂಕದ ಜೊತೆಗೆ ಪ್ರಬಂಧ, ಶಿಫಾರಸು ಪತ್ರ, ಆಸ್ಪತ್ರೆಯಲ್ಲಿ ಸೇವೆ ಮಾಡಿದ ಅನುಭವ, ಸಂದರ್ಶನ ಎಲ್ಲವನ್ನೂ ನೋಡುತ್ತಾರೆ. ಹಿಂದೆ ಅರ್ಜಿ ಹಾಕಿದ್ದಿರಾ ಎಂದು ಕೇಳುವ ಕಾಲೇಜುಗಳು, ಅಂದಿನಿಂದ ಇಂದಿನವರೆಗೆ ನಿಮ್ಮಲ್ಲಿ ಬದಲಾದದ್ದು ಏನು ಎಂದೂ ಬರೆಯಲು ಹೇಳುತ್ತವೆ. ಹಳೆಯ ಪ್ರಬಂಧವನ್ನೇ ಮತ್ತೆ ಕಳಿಸಿದವರನ್ನು ಬದಿಗಿಡುತ್ತಾರೆ ಎಂದು ಅವಳು ಹೇಳುತ್ತಿದ್ದಳು. ನಮ್ಮಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಕೇಳದಿದ್ದರೂ ನಿಮ್ಮ ತಂಗಿ ಒಂದು ಹಾಳೆಯಲ್ಲಿ ಬರೆದುಕೊಂಡರೆ ಒಳ್ಳೆಯದು.

ಚಿಂತಾಮಣಿ ಮೇಷ್ಟ್ರು:

ಮೇಲಿನವರ ಮಾತು ನನಗೆ ಹಿಡಿಸಿತು. ಆ ಹಾಳೆಯಲ್ಲಿ ಏನು ಬರೆಯಬಹುದೆಂದು ನೋಡೋಣ. ಶಿಡ್ಲಘಟ್ಟದವರು ಕೊಟ್ಟ ಅಂಕಗಳನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ.

ಜೀವಶಾಸ್ತ್ರದಲ್ಲಿ 80 ಪ್ರಶ್ನೆ ಮುಟ್ಟಿ ಆರು ಮಾತ್ರ ತಪ್ಪಿಸಿದ ಹುಡುಗಿ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ ಓದಿದ್ದಾಳೆ. ಅವಳ ಕೊರತೆ ಇರುವುದು ಭೌತಶಾಸ್ತ್ರದಲ್ಲಿ. ಅಲ್ಲಿ ಮುಟ್ಟಿದ 28ರಲ್ಲಿ ಅರ್ಧಕ್ಕೆ ಅರ್ಧ ತಪ್ಪು. ಆ 14ನ್ನು ಸುಮ್ಮನೆ ಬಿಟ್ಟಿದ್ದರೂ 42ರ ಬದಲು 56 ಬರುತ್ತಿತ್ತು. ಅದರ ಮೇಲೆ ಇನ್ನು ಹನ್ನೊಂದು ಪ್ರಶ್ನೆ ಸರಿಯಾದರೆ ನೂರು. ಒಂದು ವರ್ಷದಲ್ಲಿ ಹನ್ನೊಂದು ಪ್ರಶ್ನೆ ಎಂದು ಹೇಳಿದಾಗ ಮಕ್ಕಳಿಗೆ ಅದು ಬೆಟ್ಟದಂತೆ ಕಾಣುವುದಿಲ್ಲ. ಪ್ರಥಮ ಪಿಯುಸಿಯ ಯಂತ್ರಶಾಸ್ತ್ರವನ್ನು ನಮ್ಮ ಕಡೆಯ ಮಕ್ಕಳು ದ್ವಿತೀಯಕ್ಕೆ ಬಂದ ಕೂಡಲೇ ಮರೆಯುತ್ತಾರೆ, ಬಿಟ್ಟುಹೋದ ಪ್ರಶ್ನೆಗಳಲ್ಲಿ ಬಹುಪಾಲು ಅಲ್ಲಿಯವೇ ಇರುತ್ತವೆ ಎಂಬುದು ನನ್ನ ಮೂವತ್ತು ವರ್ಷದ ಅನುಭವ. ಕೀ ಉತ್ತರದ ಪಕ್ಕದಲ್ಲಿ ಪ್ರತಿ ಪ್ರಶ್ನೆಯ ಅಧ್ಯಾಯವನ್ನು ಬರೆದು ನೋಡಿದರೆ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಆದರೆ ಬಾಗೇಪಲ್ಲಿಯ ಹುಡುಗ ಹೇಳಿದ್ದನ್ನು ಮರೆಯಬೇಡಿ. 2025ರ ಭೌತಶಾಸ್ತ್ರ ಎಲ್ಲರಿಗೂ ಕಷ್ಟವಾಗಿತ್ತು. 2024ರಲ್ಲಿ ಪರಿಷ್ಕರಣೆಯ ನಂತರವೂ 17 ಜನರಿಗೆ ಪೂರ್ಣ 720 ಇತ್ತು, 2025ರಲ್ಲಿ ದೇಶದ ಮೊದಲ ರ‍್ಯಾಂಕಿಗೆ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಆದುದರಿಂದ 42ನ್ನು ಕಂಡು ತಂಗಿ ತೀರಾ ಕುಗ್ಗಬೇಕಾಗಿಲ್ಲ, ಹಾಗೆಯೇ ಮುಂದಿನ ಬಾರಿ ಪ್ರಶ್ನೆಪತ್ರಿಕೆ ಸುಲಭವಾಗಿ ಅವಳ ಅಂಕ 500 ದಾಟಿದರೆ ಕುಣಿಯಬೇಕಾಗಿಯೂ ಇಲ್ಲ. ಅಣಕು ಪರೀಕ್ಷೆಗಳಲ್ಲಿಯೂ ಅಂಕ ನೋಡದೆ, ಜೊತೆಗೆ ಬರೆದವರಲ್ಲಿ ತಾನು ಎಷ್ಟನೆಯವಳು ಎಂಬುದನ್ನೇ ಬರೆದಿಡಲಿ.

ಇದೇ 428 ಮೂರೂ ವಿಷಯದಲ್ಲಿ ಸಮನಾಗಿ ಹರಡಿದ್ದರೆ, ಮನೆಯಲ್ಲಿ ಯಾವ ತೊಂದರೆಯೂ ಇಲ್ಲದೆ ಎರಡು ವರ್ಷ ಓದಿಯೂ ಇಷ್ಟೇ ಬಂದಿದ್ದರೆ, ಬಿಡಿ ಎಂದು ನಾನು ಹೇಳುತ್ತಿರಲಿಲ್ಲ. ಬದಲಾಗಬೇಕಾದದ್ದು ಏನೆಂದು ಬೊಟ್ಟು ಮಾಡಿ ತೋರಿಸಲು ಆಗದವರು ಮತ್ತೆ ಬರೆದಾಗ ಸಾಮಾನ್ಯವಾಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಇಲ್ಲಿ ಎರಡನ್ನು ತೋರಿಸಬಹುದು. ಒಂದು ಭೌತಶಾಸ್ತ್ರ. ಇನ್ನೊಂದನ್ನು ಅವರ ತಂದೆ ಆಗಲೇ ಬದಲಾಯಿಸಿದ್ದಾರೆ.

ಬಾಗೇಪಲ್ಲಿ, ಪಶುವೈದ್ಯಕೀಯ ಇಂಟರ್ನ್:

ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ಒಂದು ತಕರಾರು ಇದೆ. ಪ್ರತಿ ಮನೆಯಲ್ಲಿಯೂ ತೋರಿಸಲು ಒಂದು ಕಾರಣ ಇದ್ದೇ ಇರುತ್ತದೆ. 2019ರಲ್ಲಿ ನನಗೆ ಡೆಂಗಿ ಬಂದಿತ್ತು, ಅದನ್ನೇ ಒಂದು ವರ್ಷ ಹೇಳಿಕೊಂಡು ತಿರುಗಿದೆ. ಜ್ವರ ಬಂದದ್ದು ನಿಜ, ಆದರೆ ರಸಾಯನಶಾಸ್ತ್ರ ಬಾರದಿದ್ದದ್ದಕ್ಕೂ ಜ್ವರಕ್ಕೂ ಸಂಬಂಧವಿರಲಿಲ್ಲ. ತಂಗಿ ಮಾರ್ಚಿನಲ್ಲಿ, ಅಂದರೆ ತಂದೆಯವರ ಶಸ್ತ್ರಚಿಕಿತ್ಸೆಗೆ ಮೊದಲು ಬರೆದ ಅಣಕು ಪರೀಕ್ಷೆಗಳಲ್ಲಿ ಭೌತಶಾಸ್ತ್ರ ಎಷ್ಟಿತ್ತು ಎಂಬುದನ್ನು ನೋಡಿ. ಆಗಲೂ ನಲವತ್ತೇ ಇದ್ದರೆ ಸೊಪ್ಪಿನ ಮೇಲೆ ತಪ್ಪು ಹೊರಿಸಬೇಡಿ.

ಶಿಡ್ಲಘಟ್ಟದ ಅಣ್ಣ:

ನೋಡಿದೆವು. ಮಾರ್ಚಿನ ನಾಲ್ಕು ಪರೀಕ್ಷೆಗಳಲ್ಲಿ ಭೌತಶಾಸ್ತ್ರದ ಅಂಕ 61, 58, 70, 66. ಹಾಗಾಗಿ ನೀವು ಹೇಳಿದ್ದು ಅರ್ಧ ಸರಿ. ಒಂಬತ್ತು ದಿನದಿಂದ ಇಪ್ಪತ್ತು ಅಂಕ ಹೋಗಿರಬಹುದು, ಅದಕ್ಕಿಂತ ದೊಡ್ಡ ತೂತು ಅದಕ್ಕೂ ಮೊದಲೇ ಇತ್ತು. ಇದನ್ನು ತಂಗಿಯೇ ಲೆಕ್ಕ ಹಾಕಿ ಹೇಳಿದಳು, ಹೇಳುವಾಗ ಅವಳ ಮುಖ ಚಿಕ್ಕದಾಯಿತು. ಪ್ರಶ್ನೆಪತ್ರಿಕೆಯ ಪಕ್ಕದಲ್ಲಿ ಅಧ್ಯಾಯಗಳನ್ನೂ ಬರೆದಳು. ತಪ್ಪಾದ ಮತ್ತು ಬಿಟ್ಟ 31ರಲ್ಲಿ 19 ಪ್ರಥಮ ಪಿಯುಸಿಯವು.

ಸಂಜೆ ಮಾವನವರು ಬಂದಿದ್ದರು. ಐವತ್ನಾಲ್ಕು ಲಕ್ಷದ ಲೆಕ್ಕವನ್ನು ತೋರಿಸಿದೆ. ಅವರು ಮೊದಲ ವರ್ಷದ್ದನ್ನು ಮಾತ್ರ ಲೆಕ್ಕ ಹಾಕಿದ್ದರಂತೆ. ಕಾಫಿ ಕುಡಿದು, ಹಾಗಾದರೆ ನೀವೇ ಯೋಚನೆ ಮಾಡಿ ಎಂದು ಎದ್ದು ಹೋದರು.

ಚಾಯ್ಸ್ ಒತ್ತಲು ನಾಳೆ ಮಧ್ಯಾಹ್ನದವರೆಗೆ ಸಮಯವಿದೆ. ಮೂರನ್ನು ಒತ್ತುವುದೆಂದು ತೀರ್ಮಾನಿಸಿದ್ದೇವೆ. ಎರಡನೇ ಸುತ್ತಿಗೆ ಬಿಡಿಎಸ್ ಜಿ ಸೀಟುಗಳನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕೇ?

ಗೌರಿಬಿದನೂರು, ಎಂಬಿಬಿಎಸ್ ಮೊದಲ ವರ್ಷ:

ಅವಳು ಹಲ್ಲಿನ ಡಾಕ್ಟರಾಗಿ ಸಂತೋಷದಿಂದ ಇರುತ್ತಾಳೆ ಎಂದರೆ ಇಟ್ಟುಕೊಳ್ಳಿ. ಸಿಕ್ಕರೆ ಸೇರೋಣ, ಆಮೇಲೆ ನೋಡೋಣ ಎಂದಾದರೆ ಅಳಿಸಿ. ಮೂರು ತಿಂಗಳ ಮೇಣದ ಕಥೆ ಮೇಲೆ ಇದೆ.

ಚಿಂತಾಮಣಿ ಮೇಷ್ಟ್ರು:

ಅದೇ ಸರಿ. ನಾಳೆ ಸೈಬರ್ ಸೆಂಟರಿಗೆ ಹೋಗಬೇಡಿ. ತಂಗಿಯೇ ಮನೆಯಲ್ಲಿ ಮೊಬೈಲಿನಲ್ಲಿ ಒತ್ತಲಿ. ಪಾಸ್‌ವರ್ಡ್ ಆ ಹುಡುಗನ ಬಳಿ ಇದ್ದರೆ ಮೊದಲು ಬದಲಾಯಿಸಿ. ಒತ್ತಿದ ಮೇಲೆ ಬರುವ ಪುಟವನ್ನು ಉಳಿಸಿಕೊಳ್ಳಿ.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವಾಗ ದಾಖಲೆ ಪರಿಶೀಲನೆ ಮೊದಲಿನಿಂದ ನಡೆಯುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಐದು ವರ್ಷ, ನಿಮ್ಮದು ಯಾವಾಗ ಮುಗಿಯುತ್ತದೆಂದು ಈಗಲೇ ನೋಡಿ. ಗ್ರಾಮೀಣ ಮೀಸಲಾತಿ ಕೇಳುವವರು ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಮಾಡಿಸಿಟ್ಟುಕೊಳ್ಳಿ. ಆಧಾರ್, ಹತ್ತನೇ ತರಗತಿಯ ಅಂಕಪಟ್ಟಿ, ಎಸ್‌ಎಟಿಎಸ್ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ) ಮೂರರಲ್ಲಿಯೂ ಹೆಸರಿನ ಕಾಗುಣಿತ ಒಂದೇ ಇರಲಿ. ನಮ್ಮ ಕಡೆ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ.

ಬಾಗೇಪಲ್ಲಿ, ಪಶುವೈದ್ಯಕೀಯ ಇಂಟರ್ನ್:

ಸಿಇಟಿ ಅರ್ಜಿ ಬಂದಾಗ ಕೃಷಿಕ ಕೋಟಾದ ಕಾಲಂ ತುಂಬುವುದನ್ನು ಮರೆಯಬೇಡಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆ ಇಟ್ಟು ಗುರುತಿಸಲು ಹೇಳುತ್ತಾರೆ. ಅಲ್ಲಿ ರೇಷ್ಮೆ ಗೂಡು ಕಂಡರೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶಿಡ್ಲಘಟ್ಟದ ಅಣ್ಣ:

ಬಿಡಿಎಸ್ ಆಪ್ಷನ್‌ಗಳನ್ನೂ ಅಳಿಸಿದ್ದೇವೆ. ಅವಳೇ ಅಳಿಸಿದಳು. ಬೆಳಿಗ್ಗೆ 11.20ಕ್ಕೆ ಮೂರನ್ನು ಒತ್ತಿ, ಪುಟವನ್ನು ಉಳಿಸಿ, ನನಗೆ ಕಳಿಸಿದಳು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ ಇದೆ, ಆಧಾರ್‌ನಲ್ಲಿ ಮುಂದೆ ಇದೆ, ಮೇಷ್ಟ್ರು ಹೇಳಿದಂತೆಯೇ. ಸೋಮವಾರ ತಿದ್ದಿಸಲು ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೇವೆ.